ಕೈ ಕೆಳಗಿಟ್ಟ ವರ್ಷ

ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದೆ ಎಂದು ಬರೆಯುವವರನ್ನೆಲ್ಲ ಒಮ್ಮೆ ಶಹಾಪುರದ ಕಡೆ ಕರೆತಂದು, ವಾರಗಟ್ಟಲೆ ಒಣಗಿದ ಕಾಲುವೆಗೆ ನೀರು ಬಿಟ್ಟ ದಿನ ಸೇತುವೆಯ ಮೇಲೆ ನಿಲ್ಲಿಸಬೇಕು. ಹರಿದ ಚಪ್ಪಲಿ, ಗೊಬ್ಬರದ ಖಾಲಿ ಚೀಲ, ಸತ್ತ ಕಪ್ಪೆ, ಯಾರದೋ ಮನೆಯ ಹಳೆಯ ಕೌದಿ, ಎಲ್ಲವನ್ನೂ ತಳ್ಳಿಕೊಂಡು ಬರುವ ಆ ನೀರಿಗಿಂತ ಮೊದಲು ಅದರ ವಾಸನೆ ಬರುತ್ತದೆ. ಕಳೆದ ಶ್ರಾವಣದಲ್ಲಿ ಕೆಂಭಾವಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆಗೆ ಹೊರಟಿದ್ದೆ. ಎದುರಿಗೆ ಬಂದ ಭತ್ತದ ಲಾರಿಗೆ ದಾರಿ ಬಿಡಲು ನಮ್ಮ ಬಸ್ಸು ಕಾಲುವೆಯ ಸೇತುವೆಯ ಹತ್ತಿರ ನಿಂತಿತು. ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಾಕ್ರಿ, ಇಲ್ಲೇ ಇಳೀತೀರೇನು?" ಎಂದು ಕೇಳಿದಳು. ಆಗ ನೋಡಿಕೊಂಡರೆ ನಾನು ಸೀಟಿನಿಂದ ಎದ್ದು ನಿಂತಿದ್ದೆ.

ಮೂವತ್ತು ವರ್ಷದ ಮೇಲೂ ಆ ವಾಸನೆಗೆ ನನ್ನ ಕಾಲು ತಾನಾಗಿ ಏಳುತ್ತದೆ. ಅದು ಆ ಸೀಮೆಗೆ ನಾನು ಬಂದ ಮೊದಲ ವರ್ಷ ಅಂಟಿಸಿಕೊಂಡ ಚಟ.

ನನ್ನ ತವರು ಅಕ್ಕಲಕೋಟೆಯ ಹತ್ತಿರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಸೊಲ್ಲಾಪುರದಲ್ಲಿ ಕಿವುಡ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ, ಅಲ್ಲೇ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ನನ್ನ ಗಂಡ ಹತ್ತಿಯ ಹುಳಕ್ಕೆ ಔಷಧಿ ಮಾರುವ ಕಂಪನಿಯಲ್ಲಿದ್ದರು. ಕಾಲುವೆ ಬಂದಮೇಲೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಬೆಳೆಯ ಜೊತೆಗೆ ಹುಳವೂ ಬಂದಿತ್ತು. ಹುಳದ ಹಿಂದೆ ಕಂಪನಿ ಬಂತು, ಕಂಪನಿಯ ಹಿಂದೆ ನನ್ನ ಗಂಡ, ಗಂಡನ ಹಿಂದೆ ನಾನು. ಆಗ ನನಗೆ ಇಪ್ಪತ್ತೇಳು. ಎಲ್ಲ ಬಲ್ಲವಳೆಂದು ನನ್ನನ್ನು ನಾನೇ ಒಪ್ಪಿಕೊಂಡಿದ್ದ ವಯಸ್ಸು. ಇಂಥ ತರಬೇತಿ ಪಡೆದವಳು ಬಂದಿದ್ದಾಳೆ ಎಂದರೆ ಆ ಊರಿನವರು ಮನೆಗೆ ಬಂದು ಕರೆದೊಯ್ಯುತ್ತಾರೆ ಎಂದೇ ನಂಬಿದ್ದೆ.

ಯಾರೂ ಬರಲಿಲ್ಲ. ನಾನೇ ಯಾದಗಿರಿಯ ಒಂದು ಸರಕಾರಿ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ನನ್ನ ಅರ್ಜಿಯ ಮೊದಲ ಸಾಲಿನಲ್ಲಿ 'ಕಿವುಡ' ಎಂಬ ಶಬ್ದ ಕಂಡದ್ದೇ ತಡ, ಅದನ್ನು ಅಂಗವಿಕಲರ ಬಸ್ ಪಾಸಿನ ಅರ್ಜಿಗಳ ಗುಡ್ಡೆಗೆ ಸೇರಿಸಿದ. ಆಮೇಲೆ ತಲೆ ಎತ್ತಿ, ಇಡೀ ಕಚೇರಿಗೆ ಕೇಳುವಂತೆ ಕೂಗಿ ಕೇಳಿದ: "ಎಷ್ಟು ಪರ್ಸೆಂಟ್ ಕಿವಿ ಹೋಗ್ಯಾವ್ರಿ?"

"ನನ್ನ ಕಿವಿ ಛಲೋ ಅದಾವ್ರಿ," ಎಂದೆ. "ಕಿವುಡ ಮಕ್ಕಳಿಗೆ ಕಲಸೋಕಿ ನಾನು."

ಅವನಿಗೆ ತುಸು ನಿರಾಸೆಯಾದಂತೆ ಕಂಡಿತು. ಅರ್ಜಿಯನ್ನು ಗುಡ್ಡೆಯಿಂದ ಎಳೆದು ಸರ್ಟಿಫಿಕೇಟು ತಿರುಗಿಸಿ ನೋಡಿದ. "ಇದು ಮರಾಠಿ ಅದಲ್ರಿ. ಕನ್ನಡ ಬರ್ತದಂತ ಸರ್ಟಿಫಿಕೇಟ್ ಬೇಕಾಗ್ತದ."

"ಈಗ ನಿಮ್ಮ ಜೋಡಿ ಯಾವ ಭಾಷಾದಾಗ ಮಾತಾಡಾಕತ್ತೀನ್ರಿ?"

"ನನಗ ಗೊತ್ತದ್ರಿ. ಕಾಗದಕ್ಕ ಗೊತ್ತಾಗಬೇಕಲ್ರಿ."

ಮೂರು ಸಲ ಶಹಾಪುರದಿಂದ ಯಾದಗಿರಿಗೆ ಅಲೆದೆ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು, ಎರಡನೇ ಸಲ ಊಟಕ್ಕೆ ಹೋಗಿದ್ದರು, ಮೂರನೇ ಸಲ ಅವರಿಗೆ ವರ್ಗವಾಗಿತ್ತು. ಆ ಕಚೇರಿಯ ಬೆಂಚಿನ ಮೇಲೆ ಕುಳಿತು ಗೋಡೆಯ ತಂಬಾಕಿನ ಕಲೆಗಳನ್ನು ನೋಡುತ್ತ, ಇಂಥವರ ಕೈಗೆ ಸರಕಾರ ಮಕ್ಕಳನ್ನು ಯಾಕೆ ಕೊಟ್ಟಿದೆ ಎಂದು ಹಲ್ಲು ಕಡಿಯುತ್ತಿದ್ದೆ.

ಸುರಪುರದ ಒಂದು ಖಾಸಗಿ ಶಾಲೆಗೂ ಹೋದೆ. ಹೆಡ್ ಮಾಸ್ತರರು ಟೈ ಕಟ್ಟಿದ್ದರು, ಕಾಲಲ್ಲಿ ಹವಾಯಿ ಚಪ್ಪಲಿ. "ಹಂಥಾ ಹುಡುಗೂರು ನಮ್ಮಲ್ಲಿ ಇಲ್ರಿ. ನಮ್ಮದು ಛಲೋ ಸಾಲಿ," ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂಗಳದಲ್ಲಿದ್ದ ಮಕ್ಕಳೆಲ್ಲ ತರಗತಿಗೆ ಓಡಿದರು. ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ ಒಬ್ಬ ಹುಡುಗಿ ಮಾತ್ರ ಅಲ್ಲೇ ಇದ್ದಳು. ಅಂಗಳ ಖಾಲಿಯಾದದ್ದು ಕಣ್ಣಿಗೆ ಬಿದ್ದಮೇಲೆ ಗಾಬರಿಯಾಗಿ ಓಡಿದಳು. ನಾನು ಮಾಸ್ತರರ ಮುಖ ನೋಡಿದೆ. "ಅಕಿ ಸೊಲ್ಪ ದಡ್ಡ ಅದಾಳ್ರಿ," ಎಂದರು. ಹಿಂದಿರುಗುವ ಬಸ್ಸಿನಲ್ಲಿ ಅವರಿಗೆ ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಜೋಡಿಸಿಕೊಂಡೆ. ಎಲ್ಲವೂ ಚೆನ್ನಾಗಿದ್ದವು, ಒಂದನ್ನೂ ಹೇಳಿರಲಿಲ್ಲ.

ಕೊನೆಗೆ ಕೆಲಸ ಸಿಕ್ಕಿದ್ದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ದಂಡೆಗೆ ಹತ್ತಿದ ಒಂದು ಗೋಡೌನಿನಲ್ಲಿ. ಕಿವುಡ ಮಕ್ಕಳ ವಸತಿ ಶಾಲೆ ಎಂದು ಬೋರ್ಡು ಇತ್ತು, ಬೋರ್ಡು ಶಾಲೆಗಿಂತ ಅಗಲವಾಗಿತ್ತು. ನಡೆಸುತ್ತಿದ್ದವರನ್ನು ಎಲ್ಲರೂ ಸೆಕ್ರೆಟರಿ ಎನ್ನುತ್ತಿದ್ದರು. ಮೊದಲು ಸಣ್ಣ ಕಾಲುವೆಗಳಿಗೆ ಸಿಮೆಂಟು ಬಳಿಯುವ ಗುತ್ತಿಗೆ ಹಿಡಿಯುತ್ತಿದ್ದರಂತೆ. ಅವರು ಬಳಿದ ಸಿಮೆಂಟು ಎರಡನೇ ವರ್ಷಕ್ಕೇ ಎದ್ದು ಬಂದು, ಅದರ ಬಿರುಕಿನಲ್ಲಿ ಜಾಲಿ ಬೆಳೆದಿತ್ತು. ಅದಾದ ಮೇಲೆ ಸಮಾಜಸೇವೆಗೆ ಇಳಿದಿದ್ದರು. ನನ್ನ ಸರ್ಟಿಫಿಕೇಟು ಯಾವ ಭಾಷೆಯಲ್ಲಿದೆ ಎಂದು ಅವರು ನೋಡಲೂ ಇಲ್ಲ.

"ಮಾತಾಡಿಸಿ ತೋರಸ್ರಿ, ಅಷ್ಟೇ," ಎಂದರು. "ಸಂಕ್ರಾಂತಿ ಮುಂದ ಇನಸ್ಪೆಕ್ಷನ್ ಬರ್ತದ. ಮಕ್ಕಳ ಬಾಯಾಗಿಂದ ನಾಕ ಮಾತು ಬಂದ್ರ ಸಾಲಿಗಿ ಮಂಜೂರಿ, ನಿಮ್ಮ ಆರ್ಡರ್ ಗಟ್ಟಿ. ಬರಲಿಲ್ಲಂದ್ರ ನೀವೂ ಮನಿಗಿ, ನಾನೂ ಮನಿಗಿ."

ಹನ್ನೊಂದು ಮಕ್ಕಳಿದ್ದರು. ಬಾಯಿಂದ ಮಾತು ತೆಗೆಸುವುದೇ ನನ್ನ ತರಬೇತಿ. ಅದರಲ್ಲಿ ನಾನು ಗಟ್ಟಿಗಿತ್ತಿ, ಈಗಲೂ ಸಂಕೋಚವಿಲ್ಲದೆ ಹೇಳುತ್ತೇನೆ. 'ಪ' ಅನ್ನುವಾಗ ತುಟಿಯ ಮುಂದೆ ಹಿಡಿದ ಕಾಗದದ ಪಟ್ಟಿ ಅಲುಗಬೇಕು. 'ನ' ಅನ್ನುವಾಗ ಮೂಗಿನ ಮೇಲಿಟ್ಟ ಬೆರಳಿಗೆ ನಡುಕ ತಿಳಿಯಬೇಕು. ಕನ್ನಡಿ ಹಿಡಿದು, ಗಂಟಲು ಮುಟ್ಟಿಸಿ, ಒಂದೇ ಶಬ್ದವನ್ನು ಇನ್ನೂರು ಸಲ. ಮೊದಲು ಕಲಿಸಿದ್ದು 'ನೀರು'. ಒಂದು ಲೋಟದಲ್ಲಿ ನೀರು ತುಂಬಿ ಎದುರಿಗಿಟ್ಟು, ಶಬ್ದ ಬಂದವರಿಗೆ ಒಂದು ಗುಟುಕು. ಸೆಕ್ರೆಟರಿ ಬಾಗಿಲಲ್ಲಿ ನಿಂತು ನೋಡಿ ಖುಷಿಪಡುತ್ತಿದ್ದರು.

ನಮ್ಮ ಪದ್ಧತಿಗೆ ಒಂದು ಕಟ್ಟುನಿಟ್ಟಿನ ಪಥ್ಯವಿತ್ತು. ಮಕ್ಕಳು ಕೈಸನ್ನೆ ಮಾಡಕೂಡದು. ಕೈಗೆ ರುಚಿ ಹತ್ತಿದರೆ ನಾಲಿಗೆ ಏಳುವುದಿಲ್ಲ ಎಂದು ನಮಗೆ ಕಲಿಸಿದ್ದರು. ಅದಕ್ಕೆ ನಾನೊಂದು ನಿಯಮ ಮಾಡಿದ್ದೆ. ನಾನು ಬೆರಳನ್ನು ನನ್ನ ತುಟಿಗೆ ಮುಟ್ಟಿಸಿ ತೋರಿಸಿದ ಕೂಡಲೇ ಎಲ್ಲರೂ ಇದ್ದಲ್ಲೇ ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ನನ್ನ ಬಾಯನ್ನೇ ನೋಡಬೇಕು. ಶಬ್ದವನ್ನು ಒಟ್ಟಿಗೆ ಹೇಳಬೇಕು. ಒಂದು ತಿಂಗಳಲ್ಲಿ ಅದು ಅವರಿಗೆ ರೂಢಿಯಾಯಿತು.

ಅಡ್ಡಿಯಾದವಳು ಭೀಮಬಾಯಿ, ಅಡಿಗೆಯವಳು. ಬೋನಾಳದ ಹೆಂಗಸು, ನಲವತ್ತರ ಆಸುಪಾಸು, ಗಂಡ ತೀರಿಹೋಗಿದ್ದ. ಗೋಡೌನಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು, ಮಕ್ಕಳು ಅವಳ ಸುತ್ತ. ಅವಳ ಅಣ್ಣ ಹುಟ್ಟಾ ಕಿವುಡ, ಅವನ ಜೊತೆ ಕೈಯಲ್ಲೇ ಮಾತಾಡುತ್ತ ಬೆಳೆದವಳು. ಹಿಟ್ಟು ಮೆತ್ತಿದ ಕೈಯಲ್ಲೇ ಮಕ್ಕಳಿಗೆ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಯಾರ ಅಪ್ಪ ಶನಿವಾರ ಬರುತ್ತಾನೆ, ಯಾರ ಮನೆಯ ಎಮ್ಮೆ ಈದಿದೆ, ಯಾರು ಸತ್ತರು. ಕಾಲುವೆಗೆ ನೀರು ಬಿಟ್ಟರೆ ಅದನ್ನೂ ಹೇಳುತ್ತಿದ್ದಳು. ಗೇಟಿನ ಚಕ್ರ ತಿರುಗಿಸುವಂತೆ ಎರಡು ಮುಷ್ಟಿ ತಿರುವಿ, ಅಂಗೈ ಎರಡನ್ನೂ ಭುಜದ ಆಚೆಗೆ ಓಡಿಸಿ, ಗದ್ದ ಎತ್ತಿ 'ಏಳ್ರಿ' ಅನ್ನುವಂತೆ ಮಾಡುತ್ತಿದ್ದಳು. ಮಕ್ಕಳು ಅದನ್ನೇ ನಕಲು ಮಾಡಿ ಬಿದ್ದು ಬಿದ್ದು ನಗುತ್ತಿದ್ದರು. ಕೆಂಭಾವಿ ಕಡೆಯ ಹತ್ತು ವರ್ಷದ ರೇಣುಕಾ ಎಂಬ ಹುಡುಗಿಯಂತೂ ಅವಳ ನೆರಳು. ಅವಳ ಕೈ ಎಷ್ಟು ಚುರುಕೆಂದರೆ ನನಗೆ ನೋಡಿಯೇ ತಲೆ ಚಿಟ್ಟು ಹಿಡಿಯುತ್ತಿತ್ತು.

ನನ್ನ ಕಣ್ಣಿಗೆ ಅದು ಮಂಗನಾಟ. ಓದು ಬಾರದ ಹೆಂಗಸು, ಒಲೆಯ ಮುಂದೆ ಕೂತು, ನಾನು ಬೆಳಿಗ್ಗೆಯಿಂದ ಕಟ್ಟಿದ್ದನ್ನು ಮಧ್ಯಾಹ್ನ ಕೆಡವುತ್ತಾಳೆ. ಒಂದು ದಿನ ಶೆಡ್ಡಿಗೆ ಹೋಗಿ ಹೇಳಿದೆ, "ಭೀಮಬಾಯಿ, ಮಕ್ಕಳ ಮುಂದ ಕೈ ಆಡಸಬ್ಯಾಡ. ಅವಕ್ಕ ಮಾತು ಬರಾಂಗಿಲ್ಲ."

"ಮಾತು ಬರ್ತಾವಲ್ರಿ ಅಕ್ಕೋರ. ನೀವು ಬರೋಕಿಂತ ಮೊದಲಿಂದ ಬರ್ತಾವ."

"ಬಾಯಿಂದ ಬರಬೇಕು."

ಅವಳು ರೊಟ್ಟಿ ತಿರುವಿ ಹಾಕಿದಳು. "ಬಾಯಿ ಉಣ್ಣಾಕ ಇರ್ಲಿ ಬಿಡ್ರಿ."

ನನಗೆ ಮೈಯೆಲ್ಲ ಉರಿಯಿತು. ನೇರ ಸೆಕ್ರೆಟರಿಯ ಬಳಿ ಹೋಗಿ, ಅಡಿಗೆಯವಳು ಹೀಗೇ ಇದ್ದರೆ ಇನಸ್ಪೆಕ್ಷನ್ ದಿನ ಮಕ್ಕಳ ಬಾಯಿಂದ ಒಂದು ಮಾತೂ ಬರುವುದಿಲ್ಲ ಎಂದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಇವತ್ತೇ ಕಳಸ್ತೀನ್ರಿ ಅಕಿನ್ನ. ನಮ್ಮ ಮಾವನ ಮಗಳೊಬ್ಬಾಕಿ ಕೆಲಸ ಕೇಳಾಕತ್ತಾಳ."

ಭೀಮಬಾಯಿ ತನ್ನ ಹಂಚನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ರೇಣುಕಾ ಅವಳ ಸೀರೆ ಹಿಡಿದುಕೊಂಡಿದ್ದಳು. ಹೋಗುವ ಮುನ್ನ ಭೀಮಬಾಯಿ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಕೈಯಲ್ಲಿ ಏನೋ ಹೇಳಿದಳು. ಮಕ್ಕಳು ನನ್ನ ಕಡೆ ನೋಡಿದರು. ನನ್ನನ್ನು ಬೈದಿರಬೇಕು ಎಂದುಕೊಂಡೆ. ಏನೆಂದು ಕೇಳುವಷ್ಟು ಕುತೂಹಲವೂ ನನಗಿರಲಿಲ್ಲ.

ಅದರ ನಂತರ ತರಗತಿ ಹೇಳಿದಂತೆ ನಡೆಯಿತು. ಹನ್ನೊಂದೂ ಮಕ್ಕಳು ಕೈ ಕೆಳಗಿಟ್ಟುಕೊಂಡು 'ನೀರು' ಅಂದರು, 'ಅಮ್ಮ' ಅಂದರು, 'ಹೂ' ಅಂದರು. ಮೂರು ಶಬ್ದ ಆಯಿತು, ಇನ್ನೊಂದು ಬಂದರೆ ನನ್ನ ಆರ್ಡರು ಗಟ್ಟಿ. ಮಕ್ಕಳು ಮೊದಲಿನಷ್ಟು ನಗುತ್ತಿರಲಿಲ್ಲ. ಶಿಸ್ತು ಬಂದಿದೆ ಎಂದು ಗಂಡನ ಮುಂದೆ ಹೇಳಿಕೊಂಡೆ.

ದೀಪಾವಳಿ ಮುಗಿದ ಮೇಲೆ ಎಲ್ಲೋ ಮೇಲ್ಗಡೆ ಕಾಲುವೆ ಒಡೆದು, ರಿಪೇರಿಗೆಂದು ವಾರಗಟ್ಟಲೆ ನೀರು ನಿಲ್ಲಿಸಿದ್ದರು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನೀರಿತ್ತು. ಭಾನುವಾರ ಮಕ್ಕಳು ಅಲ್ಲಿ ಇಳಿದು ಬಟ್ಟೆ ಒಗೆಯುವುದು ವಾಡಿಕೆ. ಮೊದಲು ಭೀಮಬಾಯಿ ಕರೆದೊಯ್ಯುತ್ತಿದ್ದಳು. ಸೆಕ್ರೆಟರಿಯ ಮಾವನ ಮಗಳು ಬಿಸಿಲಿಗೆ ಬರುವವಳಲ್ಲ. ಆದ್ದರಿಂದ ಆ ಭಾನುವಾರ ನಾನು ಹೋಗಿ, ದಂಡೆಯ ಮೇಲೆ ಬೇವಿನ ನೆರಳಲ್ಲಿ ಕುಳಿತು, ಇನಸ್ಪೆಕ್ಷನ್‌ಗೆ ತೋರಿಸುವ ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಮಕ್ಕಳು ಕೆಳಗೆ ಯೂನಿಫಾರ್ಮು ಕಲ್ಲಿಗೆ ಬಡಿಯುತ್ತಿದ್ದರು. ಆಚೆ ತುಸು ದೂರದಲ್ಲಿ ನಾಲ್ಕೈದು ಹೆಂಗಸರೂ ಒಗೆಯುತ್ತಿದ್ದರು.

ಗೇಟು ಕಾಯುವವನು ಸೈಕಲ್ಲಿನ ಮೇಲೆ ದಂಡೆಗುಂಟ ಕೂಗುತ್ತ ಹೋದ. "ನೀರ ಬಿಟ್ಟಾರ್ರಿ. ಮ್ಯಾಲ ಬರ್ರಿ ಎಲ್ಲಾರೂ." ಹೆಂಗಸರು ಬಟ್ಟೆ ಬಾಚಿಕೊಂಡು ಮೇಲೆ ಬಂದರು. ಅವನು ನಮ್ಮ ಮಕ್ಕಳಿಗೂ ಕೂಗಿ ಹೇಳಿ, ಕರ್ತವ್ಯ ಮುಗಿಯಿತೆಂದು ಮುಂದೆ ಹೋದ. ಆಗಲೇ ಆ ವಾಸನೆ ಬಂತು.

ನಾನು ದಂಡೆಯ ಅಂಚಿಗೆ ಓಡಿದೆ. ರೇಣುಕಾಳ ಕಣ್ಣಿಗೆ ಬಿದ್ದೆ. ರೂಢಿಯಂತೆ ಬೆರಳನ್ನು ತುಟಿಗೆ ಮುಟ್ಟಿಸಿ, ಎಷ್ಟು ದೊಡ್ಡದಾಗಿ ಬಾಯಿ ತೆರೆಯಬಹುದೋ ಅಷ್ಟು ತೆರೆದು, "ನೀರು" ಎಂದು ಕೂಗಿದೆ.

ರೇಣುಕಾ ಉಳಿದವರನ್ನು ಮುಟ್ಟಿ ಕರೆದಳು. ಹನ್ನೊಂದು ಮಕ್ಕಳೂ ಕೈಯಲ್ಲಿದ್ದ ಬಟ್ಟೆ ಬಿಟ್ಟರು. ಕಾಲುವೆಯ ತಳದಲ್ಲಿ, ಒದ್ದೆ ಸಿಮೆಂಟಿನ ಮೇಲೆ, ಸಾಲಾಗಿ ಕುಳಿತರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ನನ್ನ ಬಾಯನ್ನೇ ನೋಡುತ್ತ ಒಟ್ಟಿಗೆ, ಒಂದೇ ಒಂದು ತಪ್ಪಿಲ್ಲದೆ, "ನೀರು" ಅಂದರು.

ಅಷ್ಟು ಸ್ಪಷ್ಟವಾಗಿ ಅವರು ಅದನ್ನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ. ನಾನು ಮತ್ತೆ ಕೂಗಿದೆ. ಅವರು ಮತ್ತೆ ಹೇಳಿದರು. ರೇಣುಕಾ ನಾನು ಮೆಚ್ಚುತ್ತೇನೆ ಎಂದು ಕಾಯುತ್ತ ಕುಳಿತಿದ್ದಳು. ಅಷ್ಟು ಹೊತ್ತಿಗೆ ಮೇಲಿನ ತಿರುವಿನಲ್ಲಿ ಕಸದ ಗೆರೆಯೊಂದು ಸಿಮೆಂಟಿನ ಮೇಲೆ ಜಾರುತ್ತ ಬರುವುದು ನನಗೆ ಕಾಣುತ್ತಿತ್ತು. ಅವರ ಬೆನ್ನು ಅದರ ಕಡೆಗಿತ್ತು.

ನನ್ನ ಕೈಗಳು ಹೇಗೆ ಮೇಲೆದ್ದವೋ ತಿಳಿಯದು. ಎರಡು ಮುಷ್ಟಿ ಮಾಡಿ ಚಕ್ರ ತಿರುವಿದೆ. ಅಂಗೈಗಳನ್ನು ಭುಜದ ಆಚೆಗೆ ಓಡಿಸಿದೆ. ಗದ್ದ ಎತ್ತಿದೆ. ಭೀಮಬಾಯಿ ಮಾಡುವುದನ್ನು ಮೂಗು ಮುರಿಯುತ್ತ ನೋಡಿದ್ದೆನಲ್ಲ, ಅದೇ. ರೇಣುಕಾಳ ಕೈಗಳು ತೊಡೆಯ ಕೆಳಗಿಂದ ಹಾರಿ ಹೊರಗೆ ಬಂದವು. ಅವಳು ತಿರುಗಿ ಉಳಿದವರಿಗೆ ಹೇಳಿದಳು, ಎಲ್ಲರಿಗಿಂತ ಸಣ್ಣವಳನ್ನು ಜುಟ್ಟು ಹಿಡಿದು ಎಬ್ಬಿಸಿದಳು. ಹತ್ತಿದರು. ಕೊನೆಯವರು ಹತ್ತುವಾಗ ನೀರು ಮೊಳಕಾಲಿಗೆ ಬಂದಿತ್ತು. ಯೂನಿಫಾರ್ಮುಗಳು ಗೊಬ್ಬರದ ಚೀಲಗಳ ಜೊತೆ ತೇಲಿಹೋದವು. ಮಕ್ಕಳು ದಂಡೆಯ ಮೇಲೆ ನಿಂತು ಅವುಗಳಿಗೆ ಕೈ ಬೀಸಿದರು. ನಾನು ಅವರ ತಲೆ ಎಣಿಸಿದೆ, ಹನ್ನೊಂದು ಬಂದಮೇಲೂ ಮತ್ತೊಮ್ಮೆ ಎಣಿಸಿದೆ.

ನೀರು ಬಂದು ಬಟ್ಟೆ ಹೋದವು ಎಂದಷ್ಟೇ ಸೆಕ್ರೆಟರಿಗೆ ಹೇಳಿದಾಗ ಅವರು ತಲೆಗೆ ಕೈ ಹಚ್ಚಿ ಕೂತರು. "ಹನ್ನೊಂದು ಡ್ರೆಸ್ ಹೋದ್ವೇನ್ರಿ? ಇನಸ್ಪೆಕ್ಷನ್ ಹತ್ತರ ಬಂದದಲ್ರಿ." ಅವರನ್ನು ಎಷ್ಟು ಬೈದರೂ ಕಡಿಮೆ. ಆದರೆ ಆ ದಿನ ಬಾಯಿ ತೆರೆಯಲು ನನಗೆ ಮುಖವಿರಲಿಲ್ಲ.

ಮರುದಿನ ರಜೆ ಹಾಕಿ ಬೋನಾಳಕ್ಕೆ ಹೋದೆ. ಭೀಮಬಾಯಿ ಕೆರೆಯ ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಬದುವಿನ ಮೇಲೆ ಅವಳ ಅಣ್ಣ ಕುಳಿತು ಕೆರೆಯ ಹಕ್ಕಿಗಳನ್ನು ನೋಡುತ್ತಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೆಸರುಗೈಯಲ್ಲಿ ನಿಂತು ಕೇಳಿದಳು.

"ಆವತ್ತು ಹೋಗಾಗ ಮಕ್ಕಳಿಗಿ ಏನ್ ಹೇಳಿದ್ರಿ?" ಎಂದು ಕೇಳಿದೆ. ಅವಳನ್ನು ನಾನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಏನ್ ಹೇಳ್ಲಿರಿ. ಅಕ್ಕೋರು ಹೇಳಿದಂಗ ಕೇಳ್ರಿ ಅಂದೆ."

ಅವಳ ಅಣ್ಣ ನನ್ನ ಕಡೆ ತೋರಿಸಿ ಏನೋ ಕೇಳಿದ. ಭೀಮಬಾಯಿ ಉತ್ತರಿಸಿದಳು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. ಯಾಕೆಂದು ಕೇಳಿದೆ. ಒತ್ತಾಯಿಸಿದ ಮೇಲೆ, "ನಮ್ಮಣ್ಣ ನಿಮ್ಮ ಹೆಸರು ಕೇಳಿದ್ನಿರಿ. ಮಕ್ಕಳು ಇಟ್ಟದ್ದು ಹೇಳಿದೆ," ಎಂದಳು.

"ಏನ್ ಇಟ್ಟಾರ?"

ಭೀಮಬಾಯಿ ಬದುವಿನ ಮೇಲೆ ಕುಳಿತು, ಕೆಸರು ಮೆತ್ತಿದ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದಳು. "ಸಿಟ್ಟಾಗಬ್ಯಾಡ್ರಿ. ಹೊಳ್ಳಿ ಹೊಳ್ಳಿ ಮಾಡಸ್ತಿದ್ರಲ್ಲ, ಅದಕ್ಕ ಇದನ್ನ ಇಟ್ಟಾವ." ಅವಳಿಗೆ ಮಕ್ಕಳು ಇಟ್ಟ ಹೆಸರು ರೊಟ್ಟಿ ಬಡಿಯುವ ಸನ್ನೆ ಎಂದು ಆಮೇಲೆ ತಿಳಿಯಿತು.

ತಿರುಗಿ ಬನ್ನಿ ಎಂದು ಕರೆದೆ. "ಕಳಸ್ರಿ ಅಂತ ನೀವು ಹೇಳಿದ್ದು ಸೆಕ್ರೆಟರಿ ಅವ್ರಿಗಿ. ಕರೀರಿ ಅಂತನೂ ಅವ್ರಿಗೇ ಹೇಳ್ರಿ. ಬರ್ತೀನಿ," ಎಂದಳು. ಎಷ್ಟು ನ್ಯಾಯವಾದ ಮಾತು. ಆದರೆ ಅದನ್ನು ಹೇಳಬೇಕಾದರೆ, ನನ್ನ ಪದ್ಧತಿಯಿಂದ ಹನ್ನೊಂದು ಮಕ್ಕಳು ಮುಳುಗುವುದರಲ್ಲಿದ್ದರು, ಅವರಿಗೆ ಸನ್ನೆ ಬೇಕೇ ಬೇಕು ಎಂದು ಸೆಕ್ರೆಟರಿಯ ಮುಂದೆ ನಾನು ಒಪ್ಪಬೇಕಿತ್ತು. ಸಂಕ್ರಾಂತಿಗೆ ಆರು ವಾರವಿತ್ತು. "ಆರ್ಡರ್ ಕೈಗಿ ಬರ್ಲಿ, ಹೇಳ್ತೀನ್ರಿ," ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, ಆಗಲಿ ಎಂದು ಮತ್ತೆ ಗದ್ದೆಗೆ ಇಳಿದಳು.

ಅಲ್ಲಿಂದ ಪ್ರತಿ ಭಾನುವಾರ ಬೋನಾಳಕ್ಕೆ ಹೋದೆ. ಅಣ್ಣ ತಂಗಿ ಇಬ್ಬರೂ ನನಗೆ ಕಲಿಸಿದರು. ಭೀಮಬಾಯಿ ಕಳೆ ಕೀಳುತ್ತ, ನಾನು ಸೀರೆ ಎತ್ತಿ ಕಟ್ಟಿ ಅವಳ ಹಿಂದೆ. ನನ್ನ ಬೆರಳು ಮೊಂಡು ಎಂದು ಅಣ್ಣ ನಗುತ್ತಿದ್ದ, ಒಂದೇ ಸನ್ನೆಯನ್ನು ಇನ್ನೂರು ಸಲ ಮಾಡಿಸುತ್ತಿದ್ದ. ತರಗತಿಯಲ್ಲಿ ಬಾಗಿಲು ಹಾಕಿಕೊಂಡು ಮಕ್ಕಳ ಜೊತೆ ಕೈಯಲ್ಲಿ ಮಾತಾಡತೊಡಗಿದೆ. ಅವರು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಕಾಲುವೆಯ ನೀರು ಎಲ್ಲಿಂದ ಬರುತ್ತದೆ, ಭೀಮಬಾಯಿ ಯಾಕೆ ಹೋದಳು. ಮೊದಲಿನದಕ್ಕೆ ಉತ್ತರ ಹೇಳಿದೆ. ನನ್ನ ಹೆಸರು ಬದಲಿಸಿ ಎಂದು ಕೇಳಿ ನೋಡಿದೆ. ಹೆಸರು ಹಾಗೆಲ್ಲ ಬದಲಾಗುವುದಿಲ್ಲ ಎಂದು ರೇಣುಕಾ ಗಂಭೀರವಾಗಿ ತಿಳಿಸಿದಳು.

ಇನಸ್ಪೆಕ್ಷನ್ ಹಿಂದಿನ ದಿನ ಮಕ್ಕಳಿಗೆ ಹೇಳಿದೆ: ನಾಳೆ ಒಂದು ದಿನ, ಕೈ ಕೆಳಗೆ. ನನಗೆ ಈ ಕೆಲಸ ಬೇಕು. ರೇಣುಕಾ ಉಳಿದವರ ಕಡೆ ನೋಡಿದಳು. ಎಲ್ಲರೂ ಒಪ್ಪಿದರು. ಅವರಿಗೆ ಅದೊಂದು ಆಟ, ದೊಡ್ಡವರನ್ನು ಮಂಗ ಮಾಡುವ ಆಟ.

ಇಬ್ಬರು ಬಂದರು. ಒಬ್ಬರು ಹಾರ ಹಾಕಿಸಿಕೊಂಡು ಕುರ್ಚಿಯಲ್ಲೇ ತೂಕಡಿಸಿದರು, ಇನ್ನೊಬ್ಬರು ಮಿರ್ಚಿ ಭಜಿ ತಿನ್ನುತ್ತ ಪ್ರಶ್ನೆ ಕೇಳಿದರು. ಮಕ್ಕಳು ಹೊಸ ಯೂನಿಫಾರ್ಮಿನಲ್ಲಿ, ಕೈ ಕೆಳಗಿಟ್ಟುಕೊಂಡು, ನಾಲ್ಕು ಶಬ್ದಗಳನ್ನೂ ಹೇಳಿದರು. ಭಜಿಯವರು ಬೆರಳು ಒರೆಸಿಕೊಂಡು, "ಛಲೋ ಆಗ್ಯದ್ರಿ. ಸನ್ನಿ ಗಿನ್ನಿ ಏನೂ ಕಲಸಾಕತ್ತಿಲ್ಲಲ್ರಿ ಮತ್ತ?" ಎಂದರು.

"ಇಲ್ರಿ," ಎಂದೆ.

ಎದುರಿಗೆ ಹನ್ನೊಂದು ಜೊತೆ ಕಣ್ಣುಗಳು ನನ್ನ ತುಟಿಯನ್ನೇ ನೋಡುತ್ತಿದ್ದವು. ಆ ಶಬ್ದ ನಾನು ಅವರಿಗೆ ಕಲಿಸಿರಲಿಲ್ಲ. ಆದರೂ ರೇಣುಕಾಳಿಗೆ ಅದು ತಿಳಿಯಿತು ಎಂದೇ ನನಗೆ ಅನ್ನಿಸಿತು.

ಆರ್ಡರು ಬಂತು. ಭೀಮಬಾಯಿಯ ವಿಷಯ ಸೆಕ್ರೆಟರಿಯ ಹತ್ತಿರ ಎತ್ತಿದೆ. "ಮಾವನ ಮಗಳಿದ್ದಾಳಲ್ರಿ," ಎಂದರು. ಇನ್ನೊಂದು ಸಲ ಎತ್ತಿದೆ. ಮೂರನೇ ಸಲ ಎತ್ತಲಿಲ್ಲ. ಹನ್ನೆರಡು ವರ್ಷ ಅಲ್ಲಿ ಕಲಿಸಿದೆ, ಬಾಗಿಲು ಹಾಕಿಕೊಂಡೇ. ಚೆನ್ನಾಗಿ ಕಲಿಸುತ್ತಾರೆ ಎಂಬ ಹೆಸರೂ ಬಂತು. ಗುಮಾಸ್ತನನ್ನು, ಟೈ ಕಟ್ಟಿದ ಮಾಸ್ತರನನ್ನು, ಸೆಕ್ರೆಟರಿಯನ್ನು, ಆ ಭಜಿಯವರನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ. ಆದರೆ ಅವರ್ಯಾರೂ ಬಲ್ಲವರೆಂದು ಹೇಳಿಕೊಂಡಿರಲಿಲ್ಲ. ಬಲ್ಲವಳು ನಾನೊಬ್ಬಳೇ ಇದ್ದೆ, ಹೊಟ್ಟೆಯ ಸಲುವಾಗಿ 'ಇಲ್ರಿ' ಎಂದವಳೂ ನಾನೇ.

ಕೆಂಭಾವಿಯ ಮದುವೆ ರೇಣುಕಾಳ ಮಗಳದು. ಮಂಟಪದ ಮುಂದಿನ ಸಾಲಿನಲ್ಲಿ ಇಬ್ಬರಿಗೆ ಕುರ್ಚಿ ಹಾಕಿಸಿದ್ದಳು. ಒಂದರಲ್ಲಿ ಆಗಲೇ ಭೀಮಬಾಯಿ ಕುಳಿತಿದ್ದಳು, ತಲೆ ಪೂರ ಬೆಳ್ಳಗಾಗಿತ್ತು. "ಬರ್ರಿ ಅಕ್ಕೋರ, ಬಸ್ಸು ತಡಾ ಆತೇನು?" ಎಂದು ಪಕ್ಕದ ಕುರ್ಚಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಬೇರೇನೂ ಕೇಳಲಿಲ್ಲ. ಯಾಕೆ ತಿರುಗಿ ಕರೆಸಲಿಲ್ಲ ಎಂದು ಆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ವರನ ತಾಯಿಯನ್ನು ರೇಣುಕಾ ಕೈ ಹಿಡಿದು ನಮ್ಮ ಬಳಿ ಕರೆತಂದಳು. ಭೀಮಬಾಯಿಯನ್ನು ತೋರಿಸಿ ರೊಟ್ಟಿ ಬಡಿಯುವ ಸನ್ನೆ ಮಾಡಿದಳು, ಆಮೇಲೆ ಎದೆಗೆ ಕೈ ಇಟ್ಟುಕೊಂಡಳು. ಬೀಗಿತ್ತಿ ನಮಸ್ಕರಿಸಿ, ನನ್ನ ಕಡೆ ತಿರುಗಿ, "ಇವರ ಹೆಸರೇನ್ರಿ?" ಎಂದು ಕೇಳಿದಳು.

ಭೀಮಬಾಯಿ ಅದನ್ನು ರೇಣುಕಾಳಿಗೆ ಕೈಯಲ್ಲಿ ದಾಟಿಸಿದಳು. ರೇಣುಕಾ ನನ್ನ ಮುಖ ನೋಡಿದಳು. ಕೈ ಎತ್ತಿದವಳು ತಡೆದಳು. ತುಂಬಿದ ಮಂಟಪ, ಹೊಸ ಬೀಗರು, ವಯಸ್ಸಾದ ಅಕ್ಕೋರು. ಬೇರೆ ಯಾವುದಾದರೂ ಹೆಸರು ಹೇಳಲೇ ಎಂದು ಅವಳ ಕಣ್ಣು ನನ್ನನ್ನು ಕೇಳಿತು.

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ನನ್ನ ಹೆಸರು ಹೇಳಿದೆ.